ನಾನು ರಾಯಭಾರಿಯಾಗಿದ್ದ ಮನೆ

ನನ್ನ ಹೆಸರು ಸುಮಂಗಲಾ ಎಂಬುದು ಶಾಲೆಯ ಹಾಜರಿ ಪುಸ್ತಕಕ್ಕಷ್ಟೇ ಗೊತ್ತಿತ್ತು. ಚಾಮರಾಜಪೇಟೆಯ ನಮ್ಮ ಮನೆಯೊಳಗೆ ನಾನು ರಾಯಭಾರಿ. ಆ ಮನೆಗೆ ಅಗಲ ಕಡಿಮೆ, ಉದ್ದ ಜಾಸ್ತಿ. ಬೀದಿಯ ಕಡೆಯ ಜಗಲಿ ದಾಟಿದರೆ ಚಿಕ್ಕಪ್ಪನ ಕೋಣೆ, ಅದರ ಹಿಂದೆ ನಡುಮನೆ, ದೇವರ ಮನೆ, ಅಡುಗೆಮನೆ, ಬಚ್ಚಲು, ಕೊನೆಗೆ ಒಂದು ಕರಿಬೇವಿನ ಮರವಿದ್ದ ಹಿತ್ತಲು. ಜಗಲಿಯಲ್ಲಿ ಕೂತವರು ಹಿತ್ತಲಲ್ಲಿರುವವರಿಗೆ ಏನಾದರೂ ಹೇಳಬೇಕೆಂದರೆ ಕಿರುಚಬೇಕಿತ್ತು, ಇಲ್ಲವೇ ನನ್ನನ್ನು ಕಳಿಸಬೇಕಿತ್ತು. ಅಪ್ಪ ಬೆಳಿಗ್ಗೆ ನಗರ್ತಪೇಟೆಯ ಅಂಗಡಿಗೆ ಹೊರಡುವಾಗ ಡಬ್ಬಿ ಬಂದಿಲ್ಲವೆಂದು ಹೇಳಲು ನಾನು. ಅಜ್ಜಿಯ ಪೂಜೆ ಮುಗಿಯಿತು, ಇನ್ನು ಎಲೆ ಹಾಕಬಹುದು ಎಂದು ಹೇಳಲು ನಾನು. ಜಗಲಿಗೆ ಬಂದು ಕೂತ ನೆಂಟರಿಗೆ ಕಾಫಿಯೋ ಊಟವೋ ಎಂದು ಕಣ್ಣಳತೆಯಲ್ಲೇ ತಿಳಿದುಕೊಂಡು ಒಳಗೆ ವರದಿ ಒಪ್ಪಿಸಲೂ ನಾನೇ.

ಆದರೆ ನನ್ನ ನಿಜವಾದ ಕೆಲಸವಿದ್ದದ್ದು ಅಡುಗೆಮನೆಯೊಳಗೆ. ಅಜ್ಜಿಯೂ ಅಮ್ಮನೂ ವರ್ಷದಲ್ಲಿ ಆರು ತಿಂಗಳು ಮಾತು ಬಿಟ್ಟಿರುತ್ತಿದ್ದರು. ಒಬ್ಬರು ಒಲೆಯ ಮುಂದೆ, ಇನ್ನೊಬ್ಬರು ಈಳಿಗೆಮಣೆಯ ಮೇಲೆ. ನಡುವೆ ನಾಲ್ಕು ಮಾರೂ ಇಲ್ಲ. ಆದರೂ ಮಾತು ನನ್ನ ಮೂಲಕವೇ ಹೋಗಬೇಕಿತ್ತು.

"ಹುಳಿಗೆ ಎಷ್ಟು ಉಪ್ಪು ಹಾಕ್ಬೇಕು ಅಂತ ಅವರಪ್ಪನ ಮನೇಲಿ ಕಲಿಸಿಲ್ವಂತಾ? ಕೇಳೇ ನಿಮ್ಮಮ್ಮನ್ನ," ಎನ್ನುತ್ತಿದ್ದರು ಅಜ್ಜಿ.

ನಾನು ಅಮ್ಮನ ಕಡೆ ತಿರುಗಿ, "ಅಜ್ಜಿಗೆ ಒಂಚೂರು ಉಪ್ಪು ಕಮ್ಮಿ ಅನ್ನಿಸ್ತಂತೆ," ಎನ್ನುತ್ತಿದ್ದೆ.

"ಕಮ್ಮಿ ಅನ್ಸಿದ್ರೆ ಕೈ ಇದೆಯಲ್ಲ, ಹಾಕ್ಕೊಳ್ಳೋಕೆ ಹೇಳು."

"ಅಜ್ಜಿ, ಅಮ್ಮ ಹಾಕ್ಕೊಡ್ತಾಳಂತೆ, ತಟ್ಟೆ ಕೊಡಿ."

ಇಬ್ಬರಿಗೂ ಇನ್ನೊಬ್ಬರ ಮಾತು ಸ್ಪಷ್ಟವಾಗಿ ಕೇಳಿಸಿರುತ್ತಿತ್ತು. ಆದರೂ ನಾನು ಒಪ್ಪಿಸಿದ ಮಾತನ್ನೇ ಕೇಳಿದವರಂತೆ ನಡೆದುಕೊಳ್ಳುತ್ತಿದ್ದರು. ಹಾಗೆ ನಡೆದುಕೊಂಡದ್ದರಿಂದಲೇ ಆ ಮನೆಯಲ್ಲಿ ದಿನಕ್ಕೆ ಮೂರು ಹೊತ್ತು ಒಲೆ ಉರಿಯಿತು ಎಂದು ಈಗ ಅನ್ನಿಸುತ್ತದೆ. ಆಗ ನನಗೆ ಗೊತ್ತಾದದ್ದು ಇಷ್ಟೇ: ಮಾತನ್ನು ಇದ್ದಹಾಗೆ ಒಯ್ದರೆ ಬೈಗುಳ, ಸ್ವಲ್ಪ ತಿದ್ದಿ ಒಯ್ದರೆ ಬೆಲ್ಲದ ಚೂರು.

ನನಗೆ ಆ ಹೆಸರಿಟ್ಟವನು ಚಿಕ್ಕಪ್ಪ. ಬಸವನಗುಡಿಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಪಂಡಿತನಾಗಿದ್ದ ಅವನಿಗೆ ಎಲ್ಲ ಪದಗಳನ್ನೂ ಒಡೆದು ನೋಡುವ ಚಟ. ರಾಯ ಎಂದರೆ ರಾಜ, ಅವನ ಭಾರ ಹೊರುವವನು ರಾಯಭಾರಿ ಎಂದು ಅವನೇ ಹೇಳಿಕೊಟ್ಟ. ಮನೆಯಲ್ಲಿ ಒಬ್ಬೊಬ್ಬರ ಬಾಯಲ್ಲಿ ಆ ಪದಕ್ಕೆ ಒಂದೊಂದು ಅರ್ಥವಿತ್ತು. ಅಮ್ಮನಿಗೆ ಅದು ಚಾಡಿ. "ನಿನ್ನ ರಾಯಭಾರ ಸಾಕು, ಹೋಗಿ ಮಗ್ಗಿ ಬಾಯಿಪಾಠ ಮಾಡು," ಎನ್ನುತ್ತಿದ್ದಳು. ಪಕ್ಕದ ಮನೆಯ ಗಂಗಮ್ಮನವರು ಯಾರದಾದರೂ ಜಾತಕ ಹಿಡಿದು ಬಂದರೆ "ರಾಯಭಾರ ತಂದಿದೀನಿ" ಎನ್ನುತ್ತಿದ್ದರು. ಅವರಿಗೆ ಅದು ಹೆಣ್ಣು ಗಂಡು ಕೂಡಿಸುವ ಕೆಲಸ. ಚಿಕ್ಕಪ್ಪ ಒಮ್ಮೆ ನನ್ನನ್ನು ದೂತೆ ಎಂದು ಕರೆದದ್ದಕ್ಕೆ ಅಜ್ಜಿ ವಿಭೂತಿ ಹಚ್ಚಿದ ಹಣೆ ಗಂಟಿಕ್ಕಿಕೊಂಡು ಗದರಿದರು. ಅಜ್ಜಿಗೆ ಗೊತ್ತಿದ್ದ ದೂತರು ಯಮನ ಕಡೆಯವರು ಮಾತ್ರ.

"ವಕೀಲ ಅನ್ನೋದಕ್ಕೂ ಮೊದಲು ಇದೇ ಅರ್ಥ ಕಣೇ," ಎಂದಿದ್ದ ಚಿಕ್ಕಪ್ಪ. "ಒಬ್ಬ ದೊರೆ ಪರವಾಗಿ ಇನ್ನೊಬ್ಬ ದೊರೆ ಹತ್ರ ಹೋಗಿ ಮಾತಾಡೋನು. ಕೋರ್ಟು ಕರೀ ಕೋಟು ಎಲ್ಲ ಆಮೇಲೆ ಬಂದಿದ್ದು. ಅದಕ್ಕೂ ಹಿಂದೆ ಮೂರು ಥರದ ದೂತರಿರ್ತಿದ್ರು. ಒಬ್ಬ ಬರೀ ಓಲೆ ತಲುಪಿಸಿ ಬರೋನು. ಇನ್ನೊಬ್ಬ ಹೇಳಿಕೊಟ್ಟಷ್ಟು ಮಾತ್ರ ಆಡೋನು. ಮೂರನೆಯವನು ಸಮಯ ಸಂದರ್ಭ ನೋಡ್ಕೊಂಡು ತಾನೇ ತೀರ್ಮಾನ ಮಾಡೋನು. ಅವನಿಗೆ ರಾಜನೇ ಪೂರ್ತಿ ಅಧಿಕಾರ ಕೊಟ್ಟಿರ್ತಿದ್ದ."

"ನಾನು ಯಾವ ಥರ ಚಿಕ್ಕಪ್ಪಾ?"

"ನೀನು ಮೂರನೆಯವಳೇ ಬಿಡು. ನಿಮ್ಮಜ್ಜಿ ಮಾತನ್ನ ಹದ ಮಾಡಿ ತಲುಪಿಸ್ತೀಯಲ್ಲ, ಅದು ಎಲ್ಲರ ಕೈಲಿ ಆಗಲ್ಲ."

ಅವನು ತಮಾಷೆಗೆ ಹೇಳಿದ. ಒಂಬತ್ತು ವರ್ಷದ ನಾನು ಅದನ್ನು ನೇಮಕದ ಆಜ್ಞೆಯೆಂದೇ ತಿಳಿದೆ.

ಇನ್ನು ಗೌರತ್ತೆಯ ವಿಷಯ. ಅಪ್ಪನ ತಂಗಿ ಗೌರಿ. ಎರಡು ವರ್ಷದವಳಿದ್ದಾಗ ಬಂದ ಜ್ವರ ಇಳಿದಾಗ ಅವಳ ಕಿವಿಯನ್ನೂ ಒಯ್ದಿತ್ತು. ಮಾತು ಬರುವ ಮೊದಲೇ ಕೇಳುವುದು ನಿಂತದ್ದರಿಂದ ಮಾತೂ ಬರಲಿಲ್ಲ. ಶಾಲೆಗೆ ಕಳಿಸಿರಲಿಲ್ಲ; ತನ್ನ ಹೆಸರಿನ ಎರಡಕ್ಷರ, ಒಂದರಿಂದ ನೂರರವರೆಗಿನ ಅಂಕಿ, ಇಷ್ಟೇ ಬರೆಯುತ್ತಿದ್ದಳು. ಮನೆಯವರಿಗೆ ಅವಳ ಹತ್ತಿರ ಆಡಲು ಹತ್ತು ಹದಿನೈದು ಸನ್ನೆಗಳಿದ್ದವು. ಊಟ, ನೀರು, ಬಾ, ಹೋಗು, ಸಾಕು, ಜ್ವರವಾ? ಅಷ್ಟರಲ್ಲಿ ಅವಳ ದಿನ ಮುಗಿಯುತ್ತಿತ್ತು.

ನನಗೂ ಅವಳಿಗೂ ಮಾತ್ರ ಬೇರೆ ಭಾಷೆಯೇ ಹುಟ್ಟಿಕೊಂಡಿತು. ಅದು ಹುಟ್ಟಿದ್ದು ಅವರೆಕಾಯಿ ಕಾಲದಲ್ಲಿ. ಮಧ್ಯಾಹ್ನವೆಲ್ಲ ನಾವಿಬ್ಬರೂ ಹಿತ್ತಲ ಬಿಸಿಲಲ್ಲಿ ಕೂತು, ನೆನೆಸಿದ ಕಾಳನ್ನು ಒಂದೊಂದಾಗಿ ಹಿತುಕಿ ಸಿಪ್ಪೆ ಬಿಡಿಸುತ್ತಿದ್ದೆವು. ಕೈಗೆ ಕೆಲಸ ಇದ್ದದ್ದರಿಂದ ಮುಖದಲ್ಲೇ ಅರ್ಧ ಮಾತು, ಕೈ ಬಿಡುವಾದಾಗ ಉಳಿದರ್ಧ. ಹಣೆಯ ಮೇಲೆ ಮೂರು ಬೆರಳೆಳೆದರೆ ಅಜ್ಜಿ. ಎರಡು ಕಿವಿಯ ಹತ್ತಿರ ಜಡೆ ತಿರುವಿದರೆ ನಾನು. ಇಲ್ಲದ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿದರೆ ಚಿಕ್ಕಪ್ಪ. ಮೊದಲು ಜನ ಬಂದರು, ಆಮೇಲೆ ನಿನ್ನೆ ನಾಳೆಗಳು ಬಂದವು, ಆಮೇಲೆ ಸಿಟ್ಟು, ನಾಚಿಕೆ, ಹೊಟ್ಟೆಕಿಚ್ಚು, ಎಲ್ಲ ಬಂದವು. ಹತ್ತು ತುಂಬುವ ಹೊತ್ತಿಗೆ ನಾನು ಶಾಲೆಯಲ್ಲಿ ನಡೆದದ್ದನ್ನೆಲ್ಲ ಅವಳಿಗೆ ಹೇಳಬಲ್ಲವಳಾಗಿದ್ದೆ. ಅವಳು ತಾನು ಕಂಡ ಕನಸನ್ನು ನನಗೆ ಹೇಳುತ್ತಿದ್ದಳು. ನಮ್ಮ ಕೈಮಾತಿನಲ್ಲಿ ನೀನು, ನೀವು ಎಂಬ ಭೇದವಿರಲಿಲ್ಲ. ಇಲ್ಲಿ ಅವಳ ಮಾತುಗಳನ್ನು ನಾನು ಕನ್ನಡದಲ್ಲಿ ಬರೆಯುತ್ತಿರುವುದು ಬೇರೆ ದಾರಿಯಿಲ್ಲದೆ.

ಹೀಗೆ ಅತ್ತೆಗೆ ಏನಾದರೂ ದೊಡ್ಡ ವಿಷಯ ಕೇಳಬೇಕಾದರೆ, ಹೇಳಬೇಕಾದರೆ, ನನ್ನನ್ನು ಕರೆಯುವುದು ರೂಢಿಯಾಯಿತು. ಡಾಕ್ಟರ ಹತ್ತಿರ ಹೋದರೆ ಎಲ್ಲಿ ನೋವು, ಎಷ್ಟು ದಿನದಿಂದ ಎಂದು ಹೇಳುವವಳು ನಾನು. ಹಬ್ಬಕ್ಕೆ ಅವಳಿಗೆ ಯಾವ ಬಣ್ಣದ ಸೀರೆ ಬೇಕೆಂದು ತಿಳಿಸುವವಳು ನಾನು. ನಾನು ಬರುವವರೆಗೆ ದೊಡ್ಡವರು ಕಾಯುತ್ತಿದ್ದರು. ಊಟದ ಸಾಲಿನಲ್ಲಿ ನನ್ನ ಜಾಗ ಅಪ್ಪನ ಪಕ್ಕಕ್ಕೆ ಬಂತು. ನನ್ನ ತಮ್ಮನಿಗೆ ಅದು ಸಿಗಲಿಲ್ಲ.

ಅತ್ತೆಯ ಕೈಯಲ್ಲಿ ಕಲೆಯಿತ್ತು. ಸೀರೆಯ ಸೆರಗಿಗೆ ಕುಚ್ಚು ಕಟ್ಟುತ್ತಿದ್ದಳು. ಅಪ್ಪನದು ಗುಂಡಿ, ದಾರ, ಲೇಸು ಮಾರುವ ಅಂಗಡಿಯಾದ್ದರಿಂದ ಮನೆಯಲ್ಲಿ ರೇಷ್ಮೆ ದಾರಕ್ಕೆ ಬರವಿರಲಿಲ್ಲ. ಅವಳು ಕಟ್ಟಿದ ಕುಚ್ಚುಗಳನ್ನು ಅಪ್ಪ ಅಂಗಡಿಯ ಬಾಗಿಲಿಗೆ ಮಾದರಿಯಾಗಿ ತೂಗುಹಾಕಿದ್ದ. ಆ ಮಾದರಿಯನ್ನು ನೋಡಿದವರಲ್ಲಿ ಒಬ್ಬ ಓಕಳೀಪುರದ ರುದ್ರೇಶ. ಶಾಲೆ ಮಕ್ಕಳ ಯೂನಿಫಾರಂ ಹೊಲಿಯುತ್ತಿದ್ದ ಅವನು ತಿಂಗಳಿಗೆರಡು ಸಲ ಗುಂಡಿ ಕೊಳ್ಳಲು ಬರುತ್ತಿದ್ದ. ಒಂದು ದಿನ ಕುಚ್ಚನ್ನು ಕೈಯಲ್ಲಿ ಹಿಡಿದು, "ಇದು ಯಾರ ಕೈ?" ಎಂದು ಕೇಳಿದನಂತೆ. ಅಪ್ಪ ಹೇಳಿದ. ಕಿವಿ ಕೇಳಿಸದ್ದನ್ನೂ ಹೇಳಿದ. ಮುಂದಿನ ಸಲ ಬಂದಾಗ ರುದ್ರೇಶ ಗುಂಡಿ ಕೊಂಡಾದ ಮೇಲೂ ನಿಂತೇ ಇದ್ದನಂತೆ. ಕೊನೆಗೆ, ನಮ್ಮಮ್ಮನ್ನ ಕರ್ಕೊಂಡು ನಿಮ್ಮನೆಗೆ ಬರಬಹುದಾ ಎಂದು ಕೇಳಿದನಂತೆ.

ಅವರು ಬರುವ ದಿನ ಬೆಳಿಗ್ಗೆ ಅತ್ತೆ ನನ್ನನ್ನು ಬಚ್ಚಲ ಹಿಂದಕ್ಕೆ ಕರೆದೊಯ್ದಳು. ಅವಳ ಕೆನ್ನೆ ಬಿಸಿಯಾಗಿತ್ತು. ಹೆಬ್ಬೆರಳು ತೋರುಬೆರಳು ಸೇರಿಸಿ ಎದೆಯ ಮೇಲೆ ಗುಂಡಿ ಹಾಕುವ ಹಾಗೆ ಮಾಡಿದಳು. ಗುಂಡಿ ಕೊಳ್ಳಲು ಬರುವವನು ಎಂದು ನಾನು ತಿಳಿಸಿದ್ದ ರುದ್ರೇಶನಿಗೆ ಅವಳೇ ಇಟ್ಟ ಹೆಸರು ಅದು. ಅಂದರೆ ಅವನಿಗೊಂದು ಹೆಸರು ಬೇಕೆನ್ನಿಸುವಷ್ಟು ಅವಳು ಅವನ ಬಗ್ಗೆ ಯೋಚಿಸಿದ್ದಳು. ಅವನ ಮನೆ ಎಷ್ಟು ದೂರ, ಮನೆಯಲ್ಲಿ ಎಷ್ಟು ಜನ, ಕೂತು ಕುಚ್ಚು ಕಟ್ಟೋಕೆ ಬೆಳಕಿದೆಯಾ ಎಂದು ಕೇಳಿದಳು. ನನಗೆ ಗೊತ್ತಿಲ್ಲ ಎಂದೆ.

"ಗೊತ್ತು ಮಾಡ್ಕೊಂಡು ಹೇಳು. ನೀನೇ ಹೇಳ್ಬೇಕು," ಎಂದಳು.

ಆ ಬೆಳಿಗ್ಗೆ ನನಗೆ ಅವರು ಬರುವುದೇ ಬೇಡವೆನ್ನಿಸಿತು. ಅತ್ತೆ ಹೋಗುತ್ತಾಳೆ. ಇದನ್ನು ನಾನು ಬಹಳ ವರ್ಷ ಪ್ರೀತಿಯೆಂದೇ ನನಗೆ ನಾನು ಹೇಳಿಕೊಂಡೆ. ಅತ್ತೆಯನ್ನು ಬಿಟ್ಟಿರಲಾರದ ಮಗು ಮಾಡಿದ ತಪ್ಪು ಎಂದು. ಅಷ್ಟು ಚೆಂದವಾಗಿರಲಿಲ್ಲ ಅದು. ಅತ್ತೆ ಹೋದರೆ ದೊಡ್ಡವರು ನನಗಾಗಿ ಯಾಕೆ ಕಾಯುತ್ತಾರೆ? ಅಪ್ಪನ ಪಕ್ಕದ ಎಲೆ ಯಾರಿಗೆ? ಅಡುಗೆಮನೆಯ ಉಪ್ಪು ಹುಳಿಯ ಮಾತು ಒಯ್ಯುವ ಪುಟ್ಟಿಯಾಗಿ ಉಳಿಯುತ್ತೇನೆ ಅಷ್ಟೇ. ನನಗೆ ಅತ್ತೆಗಿಂತ ನನ್ನ ಹುದ್ದೆ ದೊಡ್ಡದಾಗಿತ್ತು. ಇದನ್ನು ಬರೆಯಲು ನನಗೆ ಇಷ್ಟು ವರ್ಷ ಬೇಕಾಯಿತು.

ಸಂಜೆ ನಾಲ್ಕರ ಹೊತ್ತಿಗೆ ಅವರು ಬಂದರು. ರುದ್ರೇಶನ ತಾಯಿ ಸಣ್ಣ ಆಳು, ಜಾಸ್ತಿ ಮಾತಿಲ್ಲ. ಅಮ್ಮ ಒತ್ತುಶ್ಯಾವಿಗೆ ಮಾಡಿದ್ದಳು. ಅಜ್ಜಿ ಎಲ್ಲವನ್ನೂ ಬಿಗಿ ಮುಖದಲ್ಲೇ ನಡೆಸಿದರು. ಮಗಳು ಆ ಮನೆಗೆ ಹೋಗಿ ಹೇಗೆ ಬಾಳುತ್ತಾಳೋ ಎಂಬ ಹೆದರಿಕೆ ಅವರಿಗೆ. ಬೇಡವೆಂದು ಹೇಳಲೂ ಅವರಿಗೆ ಬಾಯಿ ಬರುತ್ತಿರಲಿಲ್ಲ. ಅತ್ತೆ ಬಂದು ಕೂತು, ನಮಸ್ಕಾರ ಮಾಡಿ, ಒಳಗೆ ಹೋದಳು. ಇನ್ನು ಹೇಳಿ ಕಳಿಸ್ತೀವಿ ಎಂದು ಅಪ್ಪ ಮಾತು ಮುಗಿಸುವ ಹೊತ್ತಿಗೆ ರುದ್ರೇಶ ಎದ್ದು ನಿಂತ.

"ತಪ್ಪು ತಿಳ್ಕೋಬೇಡಿ ಸಾರ್. ನಾವು ನಾವು ಒಪ್ಕೊಂಡ್ರೆ ಸಾಕಾ? ಅವರನ್ನ ಒಂದು ಮಾತು ಕೇಳ್ಬೇಕಲ್ವಾ? ನಾನೇ ಕೇಳ್ತೀನಿ, ಯಾರಾದ್ರೂ ಹೇಳೋರಿದ್ರೆ."

ಎಲ್ಲರೂ ನನ್ನ ಕಡೆ ನೋಡಿದರು. "ನಮ್ಮ ರಾಯಭಾರಿ ಇದಾಳೆ, ಕರ್ಕೊಂಡು ಹೋಗಮ್ಮ," ಎಂದ ಅಪ್ಪ. ಅವನ ದನಿಯಲ್ಲಿ ಹೆಮ್ಮೆಯಿತ್ತು.

ಅತ್ತೆ ಹಿತ್ತಲಲ್ಲಿ ಕರಿಬೇವಿನ ಮರದ ಹತ್ತಿರ ನಿಂತಿದ್ದಳು. ನಾನು ಅವರಿಬ್ಬರ ನಡುವೆ ನಿಂತೆ. ಜನ ಸಾಮಾನ್ಯವಾಗಿ ಅತ್ತೆಗೆ ಹೇಳಬೇಕಾದ್ದನ್ನು ನನ್ನ ಮುಖ ನೋಡಿಕೊಂಡು ಹೇಳುತ್ತಿದ್ದರು. ರುದ್ರೇಶ ಹಾಗೆ ಮಾಡಲಿಲ್ಲ. ಅವಳನ್ನೇ ನೋಡುತ್ತಾ, ಅವಳಿಗೆ ಕೇಳಿಸುತ್ತದೆಯೇನೋ ಎಂಬಂತೆ, ನಿಧಾನವಾಗಿ ಮಾತಾಡಿದ.

"ನಮ್ಮನೆ ರೈಲು ಹಳಿ ಪಕ್ಕದಲ್ಲೇ ಇದೆ. ರೈಲು ಹೋಗುವಾಗ ನಮ್ಮನೇಲಿ ಎಲ್ಲರೂ ಕಿವುಡರೇ, ಒಬ್ಬರ ಮಾತು ಒಬ್ಬರಿಗೆ ಕೇಳಲ್ಲ. ಗೋಡೆ ಮೇಲೆ ಕೈ ಇಟ್ರೆ ರೈಲು ಬಂದಿದ್ದು ನಿಮಗೂ ಗೊತ್ತಾಗುತ್ತೆ. ಮುಂದಿನ ಕೋಣೇಲಿ ನನ್ನ ಮಷಿನ್ ಇದೆ, ದೊಡ್ಡ ಕಿಟಕಿ ಇದೆ. ಬೆಳಕು ಚೆನ್ನಾಗಿ ಬರುತ್ತೆ. ನಿಮ್ಮ ಕೆಲಸಕ್ಕೂ ಜಾಗ ಆಗುತ್ತೆ. ನಿಮಗೆ ಒಪ್ಪಿಗೆ ಇದ್ರೆ ಬನ್ನಿ."

ಇನ್ನೂ ಏನೋ ಹೇಳಿ ನಕ್ಕ. ಆಮೇಲೆ ನನ್ನನ್ನು ನೋಡಿ, "ಹೇಳಮ್ಮ," ಎಂದ.

ಅತ್ತೆಯ ಕಣ್ಣು ನನ್ನ ಕೈಗಳ ಮೇಲಿತ್ತು. ನಾನು ಕೈ ಎತ್ತಿದೆ. ಎತ್ತುವವರೆಗೆ ಏನು ಹೇಳುತ್ತೇನೆಂದು ನನಗೇ ಗೊತ್ತಿರಲಿಲ್ಲ. ನನ್ನ ಕೈ ಹೇಳಿತು: ನಿನ್ನ ಕೆಲಸ ಚೆನ್ನಾಗಿದೆಯಂತೆ. ಆದರೆ ಅವನ ಅಮ್ಮನಿಗೆ ಕಿವಿ ಕೇಳಿಸೋ ಸೊಸೆ ಬೇಕಂತೆ. ಅದನ್ನ ಹೇಳೋಕೆ ಬಂದಿದಾನೆ. ಬೇಜಾರು ಮಾಡ್ಕೋಬೇಡ ಅಂತಿದಾನೆ.

ಅತ್ತೆ ಅವನನ್ನು ನೋಡಿದಳು. ಅವನು ಆಸೆಯಿಂದ ನಗುತ್ತಿದ್ದ. ಅವಳಿಗೆ ಅದು ಸಮಾಧಾನ ಹೇಳುವ ನಗೆಯಾಗಿ ಕಂಡಿರಬೇಕು. ಅವಳೂ ಸಣ್ಣಗೆ ನಕ್ಕಳು. ಆಮೇಲೆ ಎರಡು ಕೈ ಜೋಡಿಸಿ ನಮಸ್ಕಾರ ಮಾಡಿದಳು.

"ಏನಂದ್ರು?" ಎಂದ ರುದ್ರೇಶ.

"ಒಪ್ಪಿಗೆ ಇಲ್ವಂತೆ. ಈ ಮನೆ ಬಿಟ್ಟು ಎಲ್ಲೂ ಬರಲ್ವಂತೆ."

ಅವನು ಅವಳ ಜೋಡಿಸಿದ ಕೈಗಳನ್ನು ನೋಡಿದ. ನನ್ನ ಮಾತಿಗೆ ಅದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಿರಲಿಲ್ಲ. ತಾನೂ ಕೈ ಜೋಡಿಸಿದ. "ಪರ್ವಾಗಿಲ್ಲ. ಬಲವಂತ ಏನಿಲ್ಲ," ಎಂದು ನನ್ನ ತಲೆ ಸವರಿ ಒಳಗೆ ನಡೆದ. ನಾನು ನಡುಮನೆಗೆ ಬಂದು ಅದೇ ಮಾತನ್ನು ಎಲ್ಲರಿಗೂ ಒಪ್ಪಿಸಿದೆ. ಅಜ್ಜಿ "ಶಿವನೇ" ಎಂದು ಉಸಿರುಬಿಟ್ಟರು. ಆ ಉಸಿರಿನಲ್ಲಿ ದುಃಖಕ್ಕಿಂತ ನಿರಾಳವೇ ಜಾಸ್ತಿಯಿತ್ತು. ಹಾಗಾಗಿ ಯಾರೂ ಮತ್ತೆ ಕೇಳಲಿಲ್ಲ.

ಅಮ್ಮನೊಬ್ಬಳಿಗೆ ಅನುಮಾನ ಬಂತು. ಪಾತ್ರೆ ಎತ್ತಿಡುತ್ತಾ ನನ್ನ ರಟ್ಟೆ ಹಿಡಿದಳು.

"ನಿಜ ಹೇಳು. ಗೌರಿ ಬೇಡ ಅಂದ್ಲಾ?"

"ಬೇಕಾದ್ರೆ ನೀನೇ ಕೇಳು."

ಅಮ್ಮ ಕೇಳಿದಳು. ಅತ್ತೆಯ ಮುಂದೆ ನಿಂತು, ಮೀಸೆ ತಿರುವಿ ಗಂಡಸನ್ನು ತೋರಿಸಿ, ತಾಳಿಯನ್ನು ಹಿಡಿದು ತೋರಿಸಿ, ಹೇಗೆ ಎಂಬಂತೆ ಕೈ ತಿರುಗಿಸಿದಳು. ಅತ್ತೆ ತಲೆಯಲ್ಲಾಡಿಸಿದಳು. ಇಲ್ಲ ಎಂದು. ಆಗಿಹೋಯಿತು ಬಿಡು ಎಂಬಂತೆ ಕೈ ಬೀಸಿ, ಬಿಚ್ಚಿಟ್ಟ ಸೀರೆ ಮಡಿಸತೊಡಗಿದಳು. ಅಮ್ಮ ನನ್ನ ಕಡೆ ನೋಡಿ, ಮತ್ತೆ ಪಾತ್ರೆ ಎತ್ತಿಡಲು ಹೋದಳು. ನನ್ನ ಸುಳ್ಳಿಗೆ ಎರಡೂ ಕಡೆ ಬಾಗಿಲು ಹಾಕಿತ್ತು. ಒಳಗಿದ್ದವಳು ನಾನೊಬ್ಬಳೇ.

ಮಾರನೆಯ ದಿನ ಚಿಕ್ಕಪ್ಪ ಹುಡುಗರ ಉತ್ತರಪತ್ರಿಕೆ ತಿದ್ದುತ್ತಿದ್ದಾಗ ಹೋಗಿ ಅವನ ಬಾಗಿಲಲ್ಲಿ ನಿಂತೆ.

"ಚಿಕ್ಕಪ್ಪಾ, ದೂತ ತಪ್ಪು ಮಾಡಿದ್ರೆ ಏನು ಶಿಕ್ಷೆ ಕೊಡ್ತಿದ್ರು?"

"ದೂತನನ್ನ ಕೊಲ್ಲೋ ಹಾಗಿಲ್ಲ ಕಣೇ. ಎಂಥ ಕೆಟ್ಟ ಮಾತು ತಂದಿದ್ರೂ ಕೊಲ್ಲೋ ಹಾಗಿಲ್ಲ. ಯಾಕಂದ್ರೆ ಮಾತು ಅವನದಲ್ಲ, ಕಳಿಸಿದವನದು."

ನನಗೆ ಎದೆ ಹಗುರಾಯಿತು. ಆದರೂ ಕೇಳಿದೆ, "ಮಾತು ಅವನದೇ ಆಗಿದ್ರೆ?"

ಚಿಕ್ಕಪ್ಪ ಕೆಂಪು ಶಾಯಿಯ ಪೆನ್ನು ಎತ್ತಿ ಹಿಡಿದ.

"ಆಗ ಅವನು ದೂತನೇ ಅಲ್ವಲ್ಲ," ಎಂದು ಮತ್ತೆ ಪತ್ರಿಕೆಗೆ ತಲೆ ಬಗ್ಗಿಸಿದ.

ನಾನು ಹೇಳಬಹುದಿತ್ತು. ಅವತ್ತು, ಅದರ ಮಾರನೆಯ ವಾರ, ಅದರ ಮುಂದಿನ ತಿಂಗಳು. ರುದ್ರೇಶ ಅಂಗಡಿಗೆ ಬರುವುದನ್ನು ನಿಲ್ಲಿಸಿರಲಿಲ್ಲ. ರಜೆಯಲ್ಲಿ ನಾನು ಅಪ್ಪನ ಜೊತೆ ಅಂಗಡಿಗೆ ಹೋದಾಗ ಎರಡು ಸಲ ಸಿಕ್ಕಿದ್ದ. "ನಿಮ್ಮತ್ತೆ ಚೆನ್ನಾಗಿದಾರಾ?" ಎಂದು ಕೇಳಿದ. ಎರಡು ಸಲವೂ ಚೆನ್ನಾಗಿದಾರೆ ಎಂದೆ. ಮೂರನೆಯ ಸಲ ಅವನಿಗೆ ಮದುವೆಯಾಗಿತ್ತು. ಕ್ರಮೇಣ ಬರುವುದು ನಿಂತಿತು. ಅವನು ಈಗ ಎಲ್ಲಿದ್ದಾನೋ, ಇದ್ದಾನೋ ಇಲ್ಲವೋ ನನಗೆ ತಿಳಿಯದು.

ಅತ್ತೆ ಅಳಲಿಲ್ಲ. ಅವಳು ಅತ್ತಿದ್ದರೆ ನಾನು ಬಾಯಿ ಬಿಡುತ್ತಿದ್ದೆನೋ ಏನೋ. ಎರಡು ವರ್ಷದ ಮೇಲೆ ಗಂಗಮ್ಮನವರು ಇನ್ನೊಂದು ಸಂಬಂಧ ತಂದರು. ನನ್ನನ್ನು ಕರೆಯುವ ಮೊದಲೇ ಅತ್ತೆಗೆ ವಿಷಯ ಅರ್ಥವಾಯಿತು. ಬೆರಳಿನಿಂದ ತನ್ನ ಕಿವಿ ಮುಟ್ಟಿ ತೋರಿಸಿ, ಕೈ ಅಡ್ಡಡ್ಡ ಆಡಿಸಿ, ಎದ್ದು ಒಳಗೆ ಹೋದಳು. ಕಿವಿ ಇಲ್ಲ, ಆದ್ದರಿಂದ ಇಲ್ಲ. ಅಲ್ಲಿಯವರೆಗೆ ಕಿವಿಯನ್ನು ಹೀಗೆ ತೋರಿಸಿದ್ದನ್ನು ನಾನು ನೋಡಿರಲಿಲ್ಲ. ನಾನು ಹಿತ್ತಲಲ್ಲಿ ಕಟ್ಟಿದ್ದ ಕಾರಣವನ್ನು ಅವಳು ತನ್ನದಾಗಿ ಮಾಡಿಕೊಂಡಿದ್ದಳು.

ಇಪ್ಪತ್ಮೂರಕ್ಕೆ ನನಗೆ ಮದುವೆಯಾಯಿತು. ನನ್ನ ಧಾರೆ ಸೀರೆಗೆ ಕುಚ್ಚು ಕಟ್ಟಿದವಳು ಅತ್ತೆ. ಕಟ್ಟಲು ಹನ್ನೊಂದು ದಿನ ತೆಗೆದುಕೊಂಡಳು. ಅವಳನ್ನು ಆ ಮನೆಯಲ್ಲೇ ಉಳಿಸಿಕೊಂಡಿದ್ದ ನಾನು ಅವಳನ್ನು ಅಲ್ಲೇ ಬಿಟ್ಟು, ಸುಲಭವಾಗಿ, ನಗುನಗುತ್ತಾ, ತ್ಯಾಗರಾಜನಗರಕ್ಕೆ ಹೊರಟುಬಂದೆ. ನಾನಿಲ್ಲದ ಆ ಮನೆಯಲ್ಲಿ ಅವಳು ಯಾರ ಹತ್ತಿರ ಕನಸು ಹೇಳಿಕೊಂಡಳು ಎಂದು ನಾನು ಒಂದು ಸಲವೂ ಕೇಳಲಿಲ್ಲ. ಒಬ್ಬೊಬ್ಬರಾಗಿ ದೊಡ್ಡವರು ಹೋದರು. ಚಾಮರಾಜಪೇಟೆಯ ಮನೆ ಭಾಗವಾಗಿ ಕೈಬಿಟ್ಟಾಗ ಅತ್ತೆಯನ್ನು ನಾನು ಕರೆದುಕೊಂಡು ಬಂದೆ. ನೆಂಟರೆಲ್ಲ ನನ್ನನ್ನು ಹೊಗಳಿದರು. ಎಂಥ ಮನಸ್ಸು ಸುಮಂಗಲಂದು, ಸ್ವಂತ ತಾಯಿಗಿಂತ ಹೆಚ್ಚಾಗಿ ನೋಡ್ಕೋತಾಳೆ ಎಂದರು. ನಾನು ತಲೆ ತಗ್ಗಿಸಿ ಕೇಳಿಸಿಕೊಂಡೆ. ಅದನ್ನೂ ವಿನಯವೆಂದರು.

ಇಲ್ಲಿಗೆ ಬಂದ ಮೇಲೆ ಅತ್ತೆಗೆ ಹೊಸ ಜನ ಸಿಕ್ಕರು. ಕಿವಿ ಕೇಳದ ಹೆಂಗಸರ ಒಂದು ಗುಂಪು ಭಾನುವಾರ ಸೇರುತ್ತದೆ. ಅರವತ್ತರ ವಯಸ್ಸಿನಲ್ಲಿ ಅಲ್ಲಿಗೆ ಹೋಗತೊಡಗಿದ ಅತ್ತೆ, ಅವರ ಕೈಭಾಷೆಯನ್ನು ವರ್ಷದೊಳಗೆ ಕಲಿತಳು. ಈಗ ಮೊಬೈಲಿನಲ್ಲಿ ಮುಖ ನೋಡಿಕೊಂಡು ಗಂಟೆಗಟ್ಟಲೆ ಹರಟುತ್ತಾಳೆ. ಅವರ ಬೆರಳುಗಳ ಓಟ ನನಗೆ ಅರ್ಥವಾಗುವುದಿಲ್ಲ. ನನ್ನ ಹತ್ತಿರ ಮಾತ್ರ ಅವರೆಕಾಯಿ ಕಾಲದ ನಮ್ಮ ಹಳೆಯ ಸನ್ನೆಗಳಲ್ಲಿ ಮಾತಾಡುತ್ತಾಳೆ.

ಕಳೆದ ವರ್ಷ ನಮ್ಮ ಬಡಾವಣೆಯವರು ಹಸಿ ಕಸ ಒಣ ಕಸ ಬೇರೆ ಮಾಡಿಸುವ ಕೆಲಸಕ್ಕೆ ನನ್ನನ್ನು ಆರಿಸಿದರು. ಒಂದು ಹಸಿರು ಪಟ್ಟಿಯನ್ನು ಹೆಗಲಿಂದ ಅಡ್ಡಲಾಗಿ ಹಾಕಿ ಫೋಟೋ ತೆಗೆದರು. ಪಟ್ಟಿಯ ಮೇಲೆ ಸ್ವಚ್ಛತಾ ರಾಯಭಾರಿ ಎಂದಿತ್ತು. ಸೋಪಿಗೂ ಸಿಮೆಂಟಿಗೂ ರಾಯಭಾರಿಗಳಿರುವ ಕಾಲ ಇದು, ಕಸಕ್ಕೂ ಒಬ್ಬರಿರಲಿ ಎಂದು ನಗುತ್ತಾ ಮನೆಗೆ ಬಂದೆ. ಅತ್ತೆ ಆ ಅಕ್ಷರಗಳ ಮೇಲೆ ಬೆರಳಾಡಿಸಿ, ಏನಿದು ಎಂದು ಕೇಳಿದಳು. ಹೇಗೆ ಹೇಳುವುದೆಂದು ತೋಚದೆ, ಇವರ ಮಾತನ್ನು ಅವರಿಗೆ, ಅವರ ಮಾತನ್ನು ಇವರಿಗೆ ಒಯ್ಯುವವಳು ಎಂದು ತೋರಿಸಿದೆ.

ಅತ್ತೆಯ ಮುಖ ಅರಳಿತು. ಎರಡು ಕಿವಿಯ ಹತ್ತಿರ ಜಡೆ ತಿರುವಿದಳು.

"ಅದು ನೀನೇ. ಚಿಕ್ಕವಳಿದ್ದಾಗಿಂದ ನೀನೇ. ನೀನು ಇಲ್ಲದಿದ್ರೆ ಆ ಮನೇಲಿ ನನಗೆ ಏನೂ ಗೊತ್ತಾಗ್ತಿರಲಿಲ್ಲ."

ನಾನು ಅವಳ ಮುಂದೆ ಕೂತುಬಿಟ್ಟೆ. ಹೆಬ್ಬೆರಳು ತೋರುಬೆರಳು ಸೇರಿಸಿ ಎದೆಯ ಮೇಲೆ ಗುಂಡಿ ಹಾಕಿ ತೋರಿಸಿದೆ. ಅವಳಿಗೆ ತಕ್ಷಣ ತಿಳಿಯಲಿಲ್ಲ. ಮತ್ತೊಮ್ಮೆ ತೋರಿಸಿದೆ. ಅವಳ ಕೈ ನಿಧಾನವಾಗಿ ಮೇಲೆ ಬಂದು ಅದೇ ಸನ್ನೆ ಮಾಡಿತು. ಆಗ ಹೇಳಿದೆ. ಅವನು ಬೇಡ ಅನ್ನಲಿಲ್ಲ. ಅವನಮ್ಮನೂ ಅನ್ನಲಿಲ್ಲ. ಬನ್ನಿ ಅಂದ. ನಾನು ಸುಳ್ಳು ಹೇಳಿದೆ, ನಿನಗೂ, ಅವನಿಗೂ.

ಬಹಳ ಹೊತ್ತು ಅವಳು ನನ್ನ ಕೈಗಳನ್ನೇ ನೋಡುತ್ತಿದ್ದಳು, ಅವು ನಿಂತ ಮೇಲೂ.

"ಅವನು ಏನಂದ?" ಎಂದು ಕೇಳಿದಳು.

ರೈಲಿನ ವಿಷಯ ಹೇಳಿದೆ. ಗೋಡೆ, ಮಷಿನ್, ದೊಡ್ಡ ಕಿಟಕಿ, ಬೆಳಕು.

"ಇನ್ನೇನಂದ?"

ಅವನು ನಕ್ಕು ಇನ್ನೂ ಏನೋ ಹೇಳಿದ್ದ. ಅದೇನೆಂದು ಎಷ್ಟು ಹುಡುಕಿದರೂ ನನ್ನೊಳಗೆ ಸಿಗಲಿಲ್ಲ. ಆ ಖಾಲಿ ಜಾಗಕ್ಕೆ ಏನಾದರೂ ಒಳ್ಳೆಯ ಮಾತು ಹಾಕಿಬಿಡೋಣ ಎಂದು ನನ್ನ ಕೈ ಏಳುತ್ತಿತ್ತು. ಇಷ್ಟು ವಯಸ್ಸಾದ ಮೇಲೂ ಏಳುತ್ತಿತ್ತು. ಒಂದು ಕೈಯಿಂದ ಇನ್ನೊಂದನ್ನು ಹಿಡಿದುಕೊಂಡೆ. ನೆನಪಿಲ್ಲ ಎಂದು ತಲೆಯಾಡಿಸಿದೆ.

ಅತ್ತೆ ಎದ್ದು ಹೋದಳು. ಆಮೇಲೆ ಮೂರು ದಿನ ನನ್ನ ಕಡೆ ನೋಡಲಿಲ್ಲ. ಕಿವಿಯಿರುವವರು ಮಾತು ಬಿಟ್ಟರೂ ನಮ್ಮ ಮಾತು ಅವರ ಕಿವಿಗೆ ಬೀಳುತ್ತದೆ. ಅತ್ತೆ ಕಣ್ಣು ತಿರುಗಿಸಿದರೆ ನನಗೆ ಯಾವ ದಾರಿಯೂ ಇಲ್ಲ. ಊಟ ಬಡಿಸಿದರೆ ಮಾಡುತ್ತಿದ್ದಳು. ನಾನು ಎದುರು ಬಂದು ಕೈ ಎತ್ತಿದರೆ ಗೋಡೆ ನೋಡುತ್ತಿದ್ದಳು. ಕ್ಷಮಿಸು ಎಂಬುದಕ್ಕೆ ನಮ್ಮಲ್ಲಿ ಒಂದು ಸನ್ನೆಯಿತ್ತು, ಕೆನ್ನೆ ತಟ್ಟಿಕೊಳ್ಳುವುದು. ಅದನ್ನು ಗೋಡೆಯ ಪಕ್ಕಕ್ಕೆ ಹೋಗಿ ನಿಂತೂ ಮಾಡಿದೆ. ಅವಳು ಕಣ್ಣು ಮುಚ್ಚಿಕೊಂಡಳು.

ಭಾನುವಾರ ಅವಳ ಗೆಳತಿ ಜಯಮ್ಮ ಮನೆಗೆ ಬಂದರು. ಅವರಿಗೂ ಕಿವಿ ಕೇಳುವುದಿಲ್ಲ. ಅವರನ್ನು ಸ್ಕೂಟರಿನಲ್ಲಿ ಕರೆತಂದ ಮಗಳು ದಿವ್ಯಾಳಿಗೆ ಕೇಳುತ್ತದೆ. ಇಬ್ಬರು ಮುದುಕಿಯರೂ ವರಾಂಡದಲ್ಲಿ ಎದುರುಬದುರು ಕೂತರು. ಅತ್ತೆಯ ಕೈಗಳು ಒಮ್ಮೆಲೇ ಹರಿಯತೊಡಗಿದವು. ನಾನು ಕಾಫಿ ತಂದಾಗ ಆ ಅರ್ಥವಾಗದ ಬೆರಳುಗಳ ನಡುವೆ ಎದೆಯ ಮೇಲಿನ ಗುಂಡಿ ಕಂಡಿತು. ಎರಡು ಜಡೆಯೂ ಕಂಡಿತು. ಜಯಮ್ಮ ತಿರುಗಿ ನನ್ನನ್ನು ನೋಡಿದರು. ಗೋಡೆಗೊರಗಿ ಎಲ್ಲವನ್ನೂ ನೋಡುತ್ತಿದ್ದ ದಿವ್ಯಾ, ಕಾಫಿ ಲೋಟ ತೆಗೆದುಕೊಳ್ಳುತ್ತಾ ಮೆಲ್ಲಗೆ ಕೇಳಿದಳು.

"ಆಂಟಿ, ಏನು ಮಾತಾಡ್ತಿದಾರೆ ಅಂತ ಹೇಳ್ಲಾ ನಿಮಗೆ?"

"ಬೇಡಮ್ಮ. ನನಗೆ ಹೇಳ್ಬೇಕಾದ್ದಿದ್ರೆ ಅವರೇ ಹೇಳ್ತಾರೆ."

ಅತ್ತೆಗೆ ನಮ್ಮ ಮಾತು ನಡೆದದ್ದು ಕಂಡಿತು. ಅವಳು ಕೈ ನಿಲ್ಲಿಸಿದಳು. ಮೂರು ದಿನದ ಮೇಲೆ ಮೊದಲ ಸಲ ನೇರವಾಗಿ ನನ್ನ ಮುಖ ನೋಡಿದಳು. ಆಮೇಲೆ ಹಿತ್ತಲ ಬಿಸಿಲಲ್ಲಿ ನಾವಿಬ್ಬರೇ ಕಟ್ಟಿಕೊಂಡಿದ್ದ ಸನ್ನೆಗಳಲ್ಲಿ, ನಿಧಾನವಾಗಿ, ಒಂದೇ ಮಾತು ಹೇಳಿದಳು. ಆ ಸನ್ನೆ ಜಯಮ್ಮನವರಿಗೆ ತಿಳಿಯಲಿಲ್ಲ. ಅವರು ಮಗಳ ಕಡೆ ನೋಡಿದರು. ದಿವ್ಯಾಳಿಗೂ ತಿಳಿಯಲಿಲ್ಲ.

"ಏನಂದ್ರು ಆಂಟಿ?"

ಅತ್ತೆ ನನ್ನ ತುಟಿಯನ್ನೇ ನೋಡುತ್ತಿದ್ದಳು.

"ನಾನು ಹೋಗ್ತಿದ್ದೆ, ಅಂದ್ರು," ಎಂದೆ.